ಪಡಸಾಲೆಯ ಕುರ್ಚಿಯಲ್ಲಿ ಒಂದು ರವಿವಾರ

ಸುಮ್ಮನೆ ಕೂರುವುದರಲ್ಲಿ ನಾನು ಚಿಕ್ಕಂದಿನಿಂದಲೂ ನಿಷ್ಣಾತೆ. ಕಾನ್ವೆಂಟಿನಲ್ಲಿ ಸಿಸ್ಟರ್ ತುಟಿಯ ಮೇಲೆ ಬೆರಳಿಡಿ ಎಂದರೆ, ಗಂಟೆ ಹೊಡೆದ ಮೇಲೂ ಬೆರಳು ತೆಗೆಯದವಳು ನಾನೊಬ್ಬಳೇ! ಹೀಗಾಗಿ, ಮಗಳು ಕಾಲೇಜು ಸೇರಿದ ವರ್ಷವೇ ನಾನೂ ವಿಶ್ವವಿದ್ಯಾಲಯದ ಕುಟುಂಬ ಮತ್ತು ಸಮುದಾಯ ಸೇವೆಗಳ ಕೋರ್ಸಿಗೆ ಹೆಸರು ಹಚ್ಚಿದಾಗ, ಮೊದಲ ಪ್ರಾಯೋಗಿಕ ಕೆಲಸ ಕೇಳಿ ನಕ್ಕುಬಿಟ್ಟೆ. ಕುಟುಂಬ ವೀಕ್ಷಣೆ! ಒಂದು ರವಿವಾರ ಬೆಳಗಿನಿಂದ ಸಂಜೆಯವರೆಗೆ ಮನೆಯವರನ್ನು ನೋಡುತ್ತ ಕೂರಬೇಕು. ಕೆಲಸಕ್ಕೆ ಕೈ ಹಾಕಬಾರದು, ಮಾತಾಡಬಾರದು. ಒಂದು ಮಾತು ಬಾಯಿಂದ ಬಿದ್ದರೂ ವೀಕ್ಷಣೆ ರದ್ದು. ಮೊದಲೇ ಹೇಳಲೂಬಾರದು, ಹೇಳಿದರೆ ಎಲ್ಲರೂ ನಾಟಕ ಶುರು ಮಾಡುತ್ತಾರೆ ಎಂದು ಮೇಡಂ ಎಚ್ಚರಿಸಿದ್ದರು.

ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂತೆ. ಎಷ್ಟೆಲ್ಲ ಕಂಡಿತು! ಅತ್ತೆ ಮೊದಲ ರೊಟ್ಟಿಯ ಚೂರನ್ನು ಕಿಟಕಿಯ ಗುಬ್ಬಿಗೆ ಇಡುತ್ತಾರೆ. ನಮ್ಮನೆಯವರು ಪೇಪರಿನಲ್ಲಿ ಮೊದಲು ಓದುವುದು ರಾಶಿಭವಿಷ್ಯ, ಅದೂ ನನ್ನ ರಾಶಿಯದು! ಓದಿ, ನನ್ನನ್ನೊಮ್ಮೆ ನೋಡಿ, ಮತ್ತೆ ಓದಿದರು.

"ಯಾಕ, ಸಿಟ್ಟ ಬಂದೇತೇನು?"

ನಾನು ಸುಮ್ಮನೆ ನೋಡಿದೆ. ಅವರ ಮುಖ ಸಣ್ಣದಾಯಿತು.

"ನಿನಗ ಯಾರ ಹೇಳಿದ್ರು? ಖರೆ, ಬಾದಾಮಿಗೆ ಹೋಗಿದ್ದು ಆಫೀಸ್ ಕೆಲಸಕ್ಕಲ್ಲ. ಗೆಳ್ಯಾರು ಕರದ್ರು. ಪಟ್ಟದಕಲ್ಲಿನ ಹೊಳಿ ದಂಡಿಗೆ ಕೂತು ಗಿರಮಿಟ್ ತಿಂದು ಬಂದ್ವಿ, ಅಷ್ಟ."

ನನಗೆ ಇದ್ಯಾವುದೂ ಗೊತ್ತೇ ಇರಲಿಲ್ಲ!

ಸುದ್ದಿ ಅಡುಗೆಮನೆಗೆ ಹೋಯಿತು. ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದರು. "ಶೋಭಾ, ಉಪ್ಪಿನಕಾಯಿ ಭರಣಿ ಸಲುವಾಗಿ ಏನವಾ? ಬೆಕ್ಕು ಒಡೀತು ಅಂದಿದ್ದು ಸುಳ್ಳ. ನನ್ನ ಮಗಳಿಗೆ ಕೊಟ್ಟು ಕಳಿಸೇನಿ."

ಪಾಪ, ಆ ಬೆಕ್ಕನ್ನು ಬೇಸಿಗೆಯಿಂದ ಬೈಯುತ್ತಿದ್ದೇನೆ!

ಮಗಳು ಪೂಜಾ ಬಾಗಿಲ ಮರೆಯಿಂದಲೇ ಶರಣಾದಳು. "ಮಮ್ಮಿ, ನಿನ್ನ ರೇಷ್ಮಿ ಸೀರಿ ಸುಟ್ಟಿದ್ದು ಇಸ್ತ್ರಿಯವ್ರಲ್ಲ..."

ಈ ಹೊತ್ತಿಗೆ ವೀಕ್ಷಣೆಯ ಉದ್ದೇಶ ನನಗೇ ಮರೆತುಹೋಗಿತ್ತು. ಇನ್ನೂ ಏನೇನಿದೆಯೋ ಎಂಬ ಕುತೂಹಲವೇ ನನ್ನನ್ನು ಕುರ್ಚಿಗೆ ಅಂಟಿಸಿತ್ತು.

ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯೆಲ್ಲ ಕೆಮ್ಮಿತು. ನಾನು ಕಣ್ಣೀರು ಸುರಿಸುತ್ತ ಕೂತೆ. ಅದನ್ನು ನೋಡಿ ನಮ್ಮನೆಯವರು ಹುನಗುಂದದ ನನ್ನ ಅಣ್ಣನಿಗೆ ಫೋನ್ ಹೊಡೆದೇಬಿಟ್ಟರು. "ಲಗೂನ ಬರ್ರಿ! ನಿಮ್ಮ ತಂಗಿ ಮಾತು ಬಿಟ್ಟಾಳ, ಅಳಾಕತ್ತಾಳ!"

ಮಧ್ಯಾಹ್ನ ಅಣ್ಣ, ಅವನ ಹೆಂಡತಿ ನಮ್ಮ ವೈನಿ, ಇಬ್ಬರೂ ಬಂದಿಳಿದರು. ಅಣ್ಣ ನನ್ನ ತೊಡೆಯ ಮೇಲೆ ಒಂದು ಇಳಕಲ್ ಸೀರೆ ಇಟ್ಟ. ಗಿಳಿಹಸಿರು ಮೈ, ಕೆಂಪು ರೇಷ್ಮೆ ಸೆರಗು!

"ಪಂಚಮಿಗೆ ಸೀರಿ ತರಲಿಲ್ಲಂತ ಇಷ್ಟ ಸಿಟ್ಟೇನ್ ತಂಗಿ? ತಪ್ಪಾತು. ಈಗರೆ ಮಾತಾಡು."

ಆಗಲೂ ನಾನು ತುಟಿ ಬಿಚ್ಚಲಿಲ್ಲ. ಸಿಸ್ಟರ್ ನೋಡಿದ್ದರೆ ಹೆಮ್ಮೆಪಡುತ್ತಿದ್ದರು. ಸಂಜೆಗೆ ಇನ್ನೇನು ಸ್ವಲ್ಪವೇ ಹೊತ್ತು.

ವೈನಿ ಸೀರೆಯನ್ನು ಮೆಲ್ಲಗೆ ಎತ್ತಿಕೊಂಡರು. "ಈಕಿಗೆ ಬಣ್ಣ ಮನಸಿಗೆ ಬಂದಿಲ್ಲ ಕಾಣ್ತದ. ಇರ್ಲಿ ಬಿಡ್ರಿ, ನಾನ ಉಡ್ತೇನಿ."

"ಕೈ ಹಚ್ಚಬ್ಯಾಡ್ರಿ ವೈನಿ! ಅದು ನಂದು!"

"ಬಸವಣ್ಣಾ, ಬಾಯಿ ಬಂತಪ್ಪ!" ಎಂದು ಅತ್ತೆ ಕೈ ಮುಗಿದರು. ವೀಕ್ಷಣೆ ರದ್ದಾಯಿತು.

ನಡೆದದ್ದನ್ನು ಕೇಳಿ ಮೇಡಂ ಫೋನಿನಲ್ಲೇ ನಕ್ಕು ನಕ್ಕು ಸುಸ್ತಾದರು. "ಈ ಸಲ ಹೇಳೇ ಕೂಡ್ರಿ, ಪುಣ್ಯಾ ಬರ್ತದ" ಎಂದರು.

ಮರು ರವಿವಾರ ಎಲ್ಲರಿಗೂ ತಿಳಿಸಿ, ಹೊಸ ಸೀರೆ ಉಟ್ಟು ಅದೇ ಕುರ್ಚಿಯಲ್ಲಿ ಕೂತೆ. ಯಾರೂ ಗಾಬರಿಯಾಗಲಿಲ್ಲ. ಯಾರೂ ಏನನ್ನೂ ಒಪ್ಪಿಕೊಳ್ಳಲಿಲ್ಲ. ಸೀರೆ ಚೆನ್ನಾಗಿದೆ ಎಂದು ಒಬ್ಬರೂ ಹೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಹರಟುತ್ತ ಉಂಡರು, ಕೈ ತೊಳೆದರು, ಅಡ್ಡಾದರು. ಕುರ್ಚಿಯಲ್ಲಿ ಕೂತವಳಿಗೂ ಒಂದು ತಾಟು ಹಾಕಬೇಕೆಂಬುದು ಯಾರಿಗೂ ನೆನಪಾಗಲಿಲ್ಲ.

ವೀಕ್ಷಣೆಗೆ ಪೂರ್ತಿ ಅಂಕ ಬಂದವು!