ಓಡದ ಕಾರಿಗೆ ಮೂರು ಬಾಟಲಿ

ಊರಿಗೆಲ್ಲ ಮದ್ದು ಕೊಡುವವನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ ಎಂಬುದು ಕೋರ್ಸಪ್ಪನ ಬಹುಕಾಲದ ಕೊರಗು. (ಅದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ದಯಪಾಲಿಸಿದ್ದು. ಜ್ವರ ಬಿಟ್ಟಿತೆಂದು ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸಿದವರು ಸಿಕ್ಕರೆ, ತನ್ನ ಔಷಧಿ ಅಂಗಡಿಯ ಮುಂದೆ ನಿಲ್ಲಿಸಿಕೊಂಡು, ಕೋರ್ಸ್ ಮುಗಿಸದವರ ಗತಿ ಏನಾಗುತ್ತದೆಂದು ಪುರಾಣ ಬಿಚ್ಚುತ್ತಿದ್ದ.) ಮನೆಯಲ್ಲಿ ಮಾತ್ರ ಹೆಂಡತಿ ಸೀನಿದರೂ ಅವನಿಗೆ ಕೇಳಿಸದ ಹಾಗೆ ಸೀನುತ್ತಿದ್ದಳು. ತಾಯಿಯಂತೂ ಕೊಟ್ಟ ಮಾತ್ರೆಯನ್ನು ದಿಂಬಿನ ಕೆಳಗಿಟ್ಟು ಮಲಗಿ, ಬೆಳಗ್ಗೆ ಎದ್ದು "ವಾಸಿ ಆಯ್ತು ಕಣೋ" ಎನ್ನುತ್ತಿದ್ದರು.

ಎದುರುತ್ತರ ಕೊಡದ ರೋಗಿ ಎಂದರೆ ಆ ಮನೆಯಲ್ಲಿ ಕಾರು ಒಂದೇ.

ಕಾರು ಹೆಂಡತಿಯದು. ಅಂಚೆ ಕಚೇರಿಯಲ್ಲಿ ದುಡಿಯುವ ಅವಳು ಆಸೆಪಟ್ಟು ಕೊಂಡದ್ದು. ಆದರೆ ಕಚೇರಿ ಎರಡು ಬೀದಿ ಆಚೆ, ಗಂಡನ ಅಂಗಡಿ ಮನೆಯ ಕೆಳಗೇ. ಹೀಗಾಗಿ ಹೊದಿಕೆ ಹೊದ್ದು ಮಲಗುವುದೇ ಕಾರಿನ ಉದ್ಯೋಗ. ಭಾನುವಾರ ಮಾತ್ರ ಸಂಸಾರ ಸಮೇತ ಒಂದು ಸುತ್ತು. ಓಡಿಸುವವಳು ಹೆಂಡತಿ. ಕೋರ್ಸಪ್ಪ ಆರಡಿಯ ಆಳಾದ್ದರಿಂದ ಅವಳ ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕಾಲು ಚಾಚುವುದು ಅವನ ಜನ್ಮಸಿದ್ಧ ಹಕ್ಕು. ಹಿಂದಿನ ಸೀಟಿನ ಒಂದು ಭಾಗವನ್ನು ಇಬ್ಬರು ಮಕ್ಕಳು ಜಗಳವಾಡಿ ಪಾಲು ಮಾಡಿಕೊಳ್ಳುತ್ತಿದ್ದರು. ಉಳಿದ ಸಂದಿಯಲ್ಲಿ, ಮಗನ ಬೆನ್ನ ಹಿಂದೆ, ತಾಯಿ. ಅವರ ಮೊಣಕಾಲು ಮೊದಲೇ ಹಟಮಾರಿ. ಇಳಿಯುವಾಗ ಅವರನ್ನು ಮಡಚಿದ ಕೊಡೆ ಬಿಡಿಸಿದ ಹಾಗೆ ನಿಧಾನವಾಗಿ ಬಿಡಿಸಬೇಕಾಗುತ್ತಿತ್ತು. ಈಚೆಗೆ ಅವರು "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ" ಎನ್ನತೊಡಗಿದ್ದರು.

ಮಗನಿಗೆ ಅದು ಕೇಳಿಸಲಿಲ್ಲ, ಸೊಸೆಗೆ ಕೇಳಿಸಿತು. ಇದನ್ನು ಮಾರಿ ದೊಡ್ಡ ಕಾರು ತರುವುದೆಂದು ಅವಳು ನಿಶ್ಚಯಿಸಿದಳು. ಅತ್ತೆಯನ್ನು ಷೋರೂಮಿಗೆ ಕರೆದುಕೊಂಡು ಹೋಗಿ ಕೂರಿಸಿದ್ದೂ ಆಯಿತು. ಅವರು ಅಲ್ಲಿ ಕಾಲು ನೀಡಿ ಕೂತು, ಇಳಿಯುವುದಕ್ಕೇ ಒಪ್ಪಲಿಲ್ಲವಂತೆ. ಹಳೆಯ ಕಾರಿಗೆ ಗಿರಾಕಿಯೂ ಸಿಕ್ಕರು: ಸದ್ಯದಲ್ಲೇ ನಿವೃತ್ತರಾಗಲಿದ್ದ ಅವಳ ಪೋಸ್ಟ್‌ಮಾಸ್ಟರ್. ಅವರು ಕೊಡುತ್ತೇನೆಂದ ಬೆಲೆಯನ್ನು ಇನ್ನಾರೂ ಕೊಡುವವರಿರಲಿಲ್ಲ.

"ನಮ್ಮ ಕಾರು ಓಡೇ ಇಲ್ಲ ಸರ್ ಅಂದೆ. ಅದಕ್ಕೇ ಒಪ್ಕೊಂಡ್ರು ರೀ," ಎಂದಳು. "ರಿಟೈರಾದ ಮೇಲೆ, ಇನ್ನೆರಡು ತಿಂಗಳಿಗೆ ಬಂದು ನೋಡ್ತಾರಂತೆ. ಅಲ್ಲೀವರೆಗೂ ಭಾನುವಾರದ ಸುತ್ತೂ ಬೇಡ, ಅದನ್ನ ಹಾಗೇ ಇಟ್ಟಿರಿ."

ಕೋರ್ಸಪ್ಪನ ಕಿವಿಗೆ "ಓಡೇ ಇಲ್ಲ" ಎಂಬುದು ಹೊಗಳಿಕೆಯಾಗಿ ಬೀಳಲಿಲ್ಲ, ರೋಗಲಕ್ಷಣವಾಗಿ ಬಿತ್ತು. ಓಡದ ಎಂಜಿನ್ ಎಂದರೆ ನಡೆಯದ ಮನುಷ್ಯ. ನಡೆಯದ ಮನುಷ್ಯನಿಗೆ ಏನಾಗುತ್ತದೆ? ಮಲಬದ್ಧತೆ. ಪರಿಹಾರ? ಹೊಟ್ಟೆ ತೊಳೆಯುವುದು.

ಅವನು ನೆಟ್ಟಗೆ ಬಿಡಿಭಾಗಗಳ ಅಂಗಡಿಗೆ ಹೋದ. ಅಲ್ಲಿ ಎಂಜಿನ್ ಕ್ಲೀನರ್ ಎಂಬ ದ್ರವವಿತ್ತು. ಪೆಟ್ರೋಲ್ ಟ್ಯಾಂಕಿಗೆ ಸುರಿದರೆ ಒಳಗಿನ ಮಸಿ, ಜಿಡ್ಡು ಎಲ್ಲ ಕಿತ್ತುಕೊಂಡು ಹೋಗುತ್ತದಂತೆ. ಎಷ್ಟು ದಿನಕ್ಕೊಮ್ಮೆ ಕೊಡಬೇಕು ಎಂದು ವೃತ್ತಿಧರ್ಮದಂತೆ ವಿಚಾರಿಸಿದ. ಅಂಗಡಿಯವನು ಮೊಬೈಲಿನಿಂದ ತಲೆಯೆತ್ತದೆ, "ಎರಡು ಸಾವಿರ ಕಿಲೋಮೀಟರ್‌ಗೆ ಒಂದು. ಮೂರರ ಪ್ಯಾಕ್ ತಗೊಂಡ್ರೆ ಅಗ್ಗ" ಎಂದ. ಕೊನೆಯ ವಾಕ್ಯ ಬರೀ ವ್ಯಾಪಾರದ ಮಾತು. ಕೋರ್ಸಪ್ಪ ಅದನ್ನು ವೈದ್ಯಶಾಸ್ತ್ರವೆಂದು ತಿಳಿದ. ಮೂರು ಎಂದರೆ ಕೋರ್ಸ್.

"ಕೆಮ್ಮಿಲ್ಲ, ದಮ್ಮಿಲ್ಲ, ಅದಕ್ಯಾಕ್ರೀ ಔಷಧಿ?" ಎಂದಳು ಹೆಂಡತಿ. "ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಒಳ್ಳೆ ಪೆಟ್ರೋಲ್ ಹಾಕಿ ಅಂತ ಬಿಟ್ರೆ ಇನ್ನೇನೂ ಇಲ್ಲ."

"ಬಿ.ಪಿ. ಇರೋರೆಲ್ಲ ಕೆಮ್ತಾರೇನೇ?"

ಬಿ.ಪಿ. ಇದ್ದವರು ಕೆಮ್ಮುವುದಿಲ್ಲವಾದ್ದರಿಂದ ಅವಳು ಸೋತಳು. ಒಂದು ಬಾಟಲಿ ಹಾಕಿ ಸಮಾಧಾನಪಟ್ಟುಕೊಳ್ಳಿ ಎಂದು ಅಪ್ಪಣೆಯಾಯಿತು. ಕೋರ್ಸಪ್ಪ ಮಗುವಿಗೆ ಟಾನಿಕ್ ಕುಡಿಸುವ ನಾಜೂಕಿನಲ್ಲಿ ಸುರಿದು, ಬಾನೆಟ್ಟಿಗೆ ಕಿವಿಗೊಟ್ಟು, ಉಸಿರಾಟ ಹಗುರಾಗಿದೆ ಎಂದು ಘೋಷಿಸಿದ.

ತೊಡಕು ಬಂದದ್ದು ಎರಡನೆಯ ಡೋಸಿಗೆ. ನಡುವೆ ಎರಡು ಸಾವಿರ ಕಿಲೋಮೀಟರ್ ಓಡಬೇಕು, ಕಾರೋ ನಿಂತಲ್ಲೇ ನಿಂತಿದೆ. ಹೊತ್ತಿಗೆ ಮುಂಚೆ ಕೊಟ್ಟರೆ ಓವರ್‌ಡೋಸ್, ಕೊಡದೇ ಬಿಟ್ಟರೆ ಕೋರ್ಸ್ ಅರ್ಧ. ಬೆಟ್ಟ ನಮ್ಮ ಬಳಿಗೆ ಬರದಿದ್ದರೆ ನಾವೇ ಹೋಗಬೇಕು ಎಂದುಕೊಂಡು, ಬ್ಯಾಟರಿ ಇಳಿದೀತು, ಒಂದು ಸುತ್ತು ಹಾಕಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಸಂಜೆ ಸಂಜೆ ಹೊರಡತೊಡಗಿದ.

ಆ ಒಂದು ಸುತ್ತು ಹೆದ್ದಾರಿಯುದ್ದಕ್ಕೂ ಬೆಳೆಯಿತು. ತಲೆನೋವಿನ ಮಾತ್ರೆ ಕೇಳಿದ ಗಿರಾಕಿ ಪಕ್ಕದ ಪಟ್ಟಣದವನಾದರೆ ಮನೆಗೇ ಹೋಗಿ ತಲುಪಿಸಿದ. ಮೂಗು ಸೋರಿಸಿಕೊಂಡು ಬಂದವರು ಇಳಿಸಿದ ಷಟರ್ ನೋಡಿ ಸೋರಿಸಿಕೊಂಡೇ ಹಿಂದಿರುಗಿದರು. ಕೂತೂ ಕೂತೂ ಅವನಿಗೆ ಸೊಂಟನೋವು ಬಂತು. ಅದಕ್ಕೂ ಮಾತ್ರೆ ನುಂಗಿದ, ಪೂರ್ತಿ ಕೋರ್ಸ್. ಓಡಿದಷ್ಟೂ ಎಂಜಿನ್ನಿಗೆ ಮಸಿ ಕೂರುತ್ತದೆ, ತಾನು ಸ್ನಾನದ ಅರ್ಹತೆಗಾಗಿ ಕೆಸರಿನಲ್ಲಿ ಹೊರಳುತ್ತಿದ್ದೇನೆ ಎಂಬುದು ಮಾತ್ರ ಆ ಮಹಾನುಭಾವನಿಗೆ ಹೊಳೆಯಲಿಲ್ಲ. ಪೋಸ್ಟ್‌ಮಾಸ್ಟರ್ ಬರುವ ಹಿಂದಿನ ದಿನ ಮೂರನೆಯ ಬಾಟಲಿ ಖಾಲಿಯಾಯಿತು.

ಅವರು ಬಂದಾಗ ಕೋರ್ಸಪ್ಪ ಬಾನೆಟ್ ಎತ್ತಿ ಹಿಡಿದು, ಶುಚಿತ್ವದ ಮೇಲೆ ಸುದೀರ್ಘ ಉಪನ್ಯಾಸ ಕೊಟ್ಟ. ಅವರು ಅತ್ತ ಕಣ್ಣೂ ಹಾಯಿಸದೆ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಮೀಟರಿನ ಅಂಕಿ ಓದಿದರು. ಇನ್ನೊಮ್ಮೆ ಓದಿದರು.

"ಏನಮ್ಮಾ, ಓಡೇ ಇಲ್ಲ ಅಂದಿದ್ರಿ?"

ಹೆಂಡತಿ ಬಗ್ಗಿ ನೋಡಿದಳು. ಹತ್ತಾರು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರ ಎದುರು ಅವಳು ಸುಳ್ಳುಗಾತಿಯಾಗಿ ನಿಂತಿದ್ದಳು.

"ಅದೆಲ್ಲ ಔಷಧಿಗೋಸ್ಕರ ಓಡಿಸಿದ್ದು ಸರ್," ಎಂದು ಕೋರ್ಸಪ್ಪ ಎದೆಯುಬ್ಬಿಸಿ ಮುಂದೆ ಬಂದ. "ಓಡಿಸದಿದ್ರೆ ಕೋರ್ಸ್ ಮುಗೀತಿರ್ಲಿಲ್ಲ."

"ಯಾತಕ್ಕೆ ಔಷಧಿ?"

"ಓಡದೇ ಇದ್ದಿದ್ದಕ್ಕೆ."

ಪೋಸ್ಟ್‌ಮಾಸ್ಟರ್ ಕನ್ನಡಕ ತೆಗೆದು ಜೇಬಿಗಿಟ್ಟರು. "ಹಾಗಾದ್ರೆ ಈಗ ಪೂರ್ತಿ ವಾಸಿಯಾಗಿದೆ," ಎಂದು ಹೇಳಿ, ಕೊಟ್ಟ ಕಾಫಿ ಕುಡಿದು, ಕಾರು ಬೇಡವೆಂದು ಹೊರಟುಹೋದರು.

ಹೆಂಡತಿ ರಂಪ ಮಾಡಿದ್ದರೆ ಕೋರ್ಸಪ್ಪನಿಗೆ ಹಾಯೆನಿಸುತ್ತಿತ್ತು. ಅವಳು ಲೋಟ ತೊಳೆದಿಟ್ಟಳು, ಅಷ್ಟೇ. ದೊಡ್ಡ ಕಾರು ಇನ್ನು ಬರುವುದಿಲ್ಲವೆಂದು ತಾಯಿಗೆ ತಿಳಿಸುವ ಕೆಲಸ ಅವನ ಪಾಲಿಗೆ ಬಿತ್ತು. ಅವರು "ಹೋಗ್ಲಿ ಬಿಡೋ, ನಾನೆಲ್ಲಿಗೆ ಹೋಗ್ಬೇಕು" ಎಂದು ಮೊಣಕಾಲು ನೀವಿಕೊಂಡಾಗ ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಮುಂದಿನ ಭಾನುವಾರ ಹೆಂಡತಿ ಕಾರಿನ ಮುಂಬಾಗಿಲು ತೆರೆದು ಹಿಡಿದು, "ಅತ್ತೆ, ನೀವಿಲ್ಲಿ ಬನ್ನಿ" ಎಂದಳು. (ಈ ಉಪಾಯ ಮೊದಲೇ ಯಾರಿಗೂ ಹೊಳೆದಿರಲಿಲ್ಲವೇ ಎಂದರೆ, ಹೊಳೆದಿತ್ತು. ಯಜಮಾನರ ಮರ್ಯಾದೆಗೆ ಅಂಜಿ ಸುಮ್ಮನಿದ್ದರು. ಆ ಅಂಜಿಕೆ ಈಗ ಬಿಟ್ಟಿತ್ತು.) ತಾಯಿ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಸಿಕೊಂಡು ಕಾಲು ಚಾಚಿದರು. ಆರಡಿಯ ಕೋರ್ಸಪ್ಪ ಅವರ ಹಿಂದಿನ ಸಂದಿಯಲ್ಲಿ, ಇಬ್ಬರು ಮಕ್ಕಳ ಮೊಣಕೈಗಳ ಪಕ್ಕದಲ್ಲಿ, ಗದ್ದವನ್ನು ಮಂಡಿಯ ಮೇಲಿಟ್ಟುಕೊಂಡು ಅಡಕವಾದ.

ಮನೆ ಹತ್ತಿರ ಬಂದಾಗ ತಾಯಿ ಕಿಟಕಿಯ ಗಾಳಿಗೆ ಮುಖವೊಡ್ಡಿ, "ಏನೋ, ಈ ಕಾರು ಇಷ್ಟು ಚೆನ್ನಾಗಿ ಓಡುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇನ್ನೊಂದು ಸುತ್ತು ಹೋಗೋಣ್ವಾ?" ಎಂದರು.

ಹೆಂಡತಿ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು.

"ಹೋಗೋಣಮ್ಮ," ಎಂದ ಕೋರ್ಸಪ್ಪ. ಬಾಯಿ ತೆರೆಯುವಷ್ಟು ಜಾಗ ಅಲ್ಲಿ ಇನ್ನೂ ಉಳಿದಿತ್ತು.