ಕೈ ಬಿಟ್ಟರೂ ಅಳೆಯುವ ಮೀಟರು

ನಮ್ಮ ಚಿಕ್ಕಪ್ಪ ಮದುವೆಗೆಂದು ನೋಡಿದ ಹೆಣ್ಣು ಒಂದೇ ಒಂದು. ಮೀಟರುಗಳನ್ನು ಮಾತ್ರ ಹದಿನೇಳು ನೋಡಿ, ಹದಿನೇಳನ್ನೂ ಬೇಡವೆಂದು ಬಂದಿದ್ದರು. ಸುದ್ದಗುಂಟೆಪಾಳ್ಯದ ಆ ಮನೆಯಲ್ಲಿ ತಟ್ಟೆಯ ಉಪ್ಪಿಟ್ಟು ಮುಗಿಯುವುದರೊಳಗೆ ಒಪ್ಪಿಗೆ ಎಂದವರು, ಅಂಗೈಯಗಲದ ಯಂತ್ರವೊಂದನ್ನು ಆರಿಸಲಾಗದೆ ಹದಿನಾಲ್ಕು ತಿಂಗಳು ಕಳೆದರೆಂದರೆ ಯಾರನ್ನು ದೂರುವುದು? ಯಂತ್ರವನ್ನೋ, ಉಪ್ಪಿಟ್ಟನ್ನೋ?

ಯಾವ ಮೀಟರು ಎಂದು ಮೊದಲೇ ಹೇಳಿಬಿಡುತ್ತೇನೆ: ಕೆಪಾಸಿಟರ್ ಅಳೆಯುವುದು. ಫ್ಯಾನು ಸೋಮಾರಿಯಾಗಿ ತಿರುಗತೊಡಗಿದಾಗ ಎಲೆಕ್ಟ್ರಿಷಿಯನ್ ಬಂದು ಒಂದು ಪುಟ್ಟ ಡಬ್ಬಿಯನ್ನು ಬದಲಾಯಿಸಿ ಹೋಗುತ್ತಾನಲ್ಲ, ಅದು ಕೆಪಾಸಿಟರ್. ಕರೆಂಟನ್ನು ಚೂರು ಹೊತ್ತು ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುವುದು ಅದರ ಕೆಲಸ. ರೇಡಿಯೊ, ಟಿ.ವಿ. ಎಲ್ಲದರ ಹೊಟ್ಟೆಯಲ್ಲೂ ಅದರ ಮರಿಗಳಿರುತ್ತವೆ, ಎರಡೆರಡು ತಂತಿಯ ಕಾಲುಗಳೊಂದಿಗೆ. ಚಿಕ್ಕಪ್ಪನ ಬಾಯಲ್ಲಿ ಅದು ಇಂದಿಗೂ ಕಂಡೆನ್ಸರ್.

"ಇದರ ಬುದ್ಧಿ ಹೇಳ್ತೀನಿ ಕೇಳು. ಮೇಲೆ ನೋಡಿದ್ರೆ ಗುಂಡುಕಲ್ಲಿನ ಹಂಗಿರುತ್ತೆ. ಒಳಗೆ ಒಣಗಿ ಹೋಗಿರುತ್ತೆ. ಮೀಟರ್ ಇಟ್ಟು ನೋಡೋವರೆಗೂ ಬಾಯಿ ಬಿಡಲ್ಲ" ಎನ್ನುತ್ತಿದ್ದರು.

ಕೋಣನಕುಂಟೆಯಲ್ಲಿ ನಮ್ಮ ತಾತನ ರಾಗಿ ಹೊಲವಿದ್ದ ಕಡೆ ಈಗ ಚಿಕ್ಕಪ್ಪನ ಮೂರು ಮಹಡಿಯ ಮನೆಯಿದೆ. ಐಟಿಐ ಓದಿ, ಕಾರ್ಖಾನೆಯಲ್ಲಿ ದುಡಿದು, ರಿಟೈರ್ ಆದ ಮರುದಿನವೇ ಅವರು ವರಾಂಡದಲ್ಲಿ ಒಂದು ರಿಪೇರಿ ಮೇಜು ಹಾಕಿಕೊಂಡು ಕುಳಿತರು. ಓನರ್ ಎಂದರೆ ಬಾಡಿಗೆದಾರರು ತಗ್ಗಿ ಬಗ್ಗಿ ನಡೆಯುವ ಊರು ಇದು. ಇಲ್ಲಿ ಮಾತ್ರ ಮೇಲಿನ ಮಹಡಿಯ ನರ್ಸಮ್ಮ ಕೆಟ್ಟ ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಅಂಕಲ್, ಸಂಜೆ ಚಟ್ನಿಗೆ ಬೇಕು" ಎಂದು ಜೋರು ಮಾಡುತ್ತಿದ್ದರು.

ಅದಕ್ಕೂ ಎಷ್ಟೋ ಮೊದಲು, ಚಿಕ್ಕಂದಿನಲ್ಲಿ ನಾನು ಎಣಿಸಲು ಕಲಿತದ್ದೂ ಚಿಕ್ಕಪ್ಪನ ಪಕ್ಕದಲ್ಲೇ. ಬೆಸುಗೆ ಹಾಕುವಾಗ ತಂತಿಯನ್ನು ನನ್ನ ಕೈಗೆ ಕೊಟ್ಟು, "ಸೀಸ ಆರೋವರೆಗೂ ಅಲ್ಲಾಡಬಾರದು. ಒಂದು, ಎರಡು, ಮೂರು ಅನ್ನು. ಆಮೇಲೆ ಕೈ ಬಿಡು" ಎನ್ನುತ್ತಿದ್ದರು. ಈಗ ಜಯನಗರದ ಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟರಮ್ಮನಾಗಿದ್ದೇನೆ. ಮೂರರ ನಂತರದ ಸಂಖ್ಯೆಗಳನ್ನು ಬೇರೆಯವರಿಂದ ಕಲಿಯಬೇಕಾಯಿತು.

ಅನಾಹುತ ಶುರುವಾದದ್ದು ಚಿಕ್ಕಮ್ಮನ ರೇಡಿಯೊದಿಂದ. ಬೆಳಗ್ಗೆ ಐದೂಮುಕ್ಕಾಲಿಗೆ ಅದು ಹಾಡಿದರೆ ಮಾತ್ರ ಆ ಮನೆಯಲ್ಲಿ ಹಾಲು ಉಕ್ಕುತ್ತದೆ ಎಂಬುದು ನಮ್ಮ ನಂಬಿಕೆ. ಅದು ಒಂದು ದಿನ ಹಾಡು ಬಿಟ್ಟು ಗುಂಯ್ ಎನ್ನತೊಡಗಿತು. ಚಿಕ್ಕಪ್ಪ ಬಿಚ್ಚಿ, ಏಳು ಕಂಡೆನ್ಸರುಗಳನ್ನು ಹೊರತೆಗೆದು ಚಿಕ್ಕಮ್ಮನ ಹಳೆಯ ಕುಂಕುಮದ ಭರಣಿಯಲ್ಲಿ ಹಾಕಿದರು. ಅಳೆಯಲು ಮೀಟರು ಎತ್ತಿಕೊಂಡರು. ಇಪ್ಪತ್ತು ವರ್ಷದ ಆ ಮೀಟರು ಕೈ ಜಾರಿ ಬಿದ್ದು ಎರಡು ಹೋಳಾಯಿತು.

"ಮೇಜು ಇಳಿಜಾರಾಗಿದೆ" ಎಂದು ಚಿಕ್ಕಪ್ಪ ತೀರ್ಪು ಕೊಟ್ಟರು. ಎದುರು ಸೈಟಿನ ಗಾರೆ ಮೇಸ್ತ್ರಿಯಿಂದ ರಸಮಟ್ಟ ತಂದು, ಮೇಜಿನ ಮೇಲಿಟ್ಟು, ನಾಲ್ಕು ದಿನ ಕಾಲುಗಳ ಕೆಳಗೆ ರಟ್ಟು ತುರುಕಿದರು. ರಸಮಟ್ಟದ ಗುಳ್ಳೆ ಮೊದಲೂ ನಡುವೆ ಇತ್ತು, ಆಮೇಲೂ ನಡುವೆಯೇ ಇತ್ತು. ಮೇಸ್ತ್ರಿ ನಾಲ್ಕು ದಿನ ರಸಮಟ್ಟವಿಲ್ಲದೆ ಕಟ್ಟಿದ ಗೋಡೆಯ ಗತಿ ಏನಾಯಿತೋ, ನಾವಂತೂ ಕೇಳಲು ಹೋಗಲಿಲ್ಲ.

ಅದೇ ವಾರ ಅವರು ಲೋಟದ ತುಂಬ ಕಾಫಿ ಕುಡಿಯುವುದನ್ನೂ ಬಿಟ್ಟರು. ಅರ್ಧ ಲೋಟವೇ ಆರೋಗ್ಯ, ತುಂಬಿದ ಲೋಟ ಪಿತ್ತ ಎಂದು ಹೊಸ ಸಿದ್ಧಾಂತ. ಅರ್ಧರ್ಧವಾಗಿ ದಿನಕ್ಕೆ ಆರು ಸಲ ಕುಡಿಯುತ್ತಿದ್ದರು. ಲೆಕ್ಕದ ಮೇಷ್ಟರಮ್ಮನ ಎದುರಿಗೇ!

ನಂತರ ಮೀಟರು ನೋಡುವ ಶಾಸ್ತ್ರ. ಭಾನುವಾರ ಬಿಟ್ಟು ಯಾವ ದಿನ ಪುರುಸೊತ್ತಾದರೂ ಚಿಕ್ಕಪ್ಪ ಕುಂಕುಮದ ಭರಣಿಯನ್ನು ಜೇಬಿಗೆ ಹಾಕಿ, ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೊ ಹತ್ತಿ, ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರೋಡಿಗೆ ನಡೆಯುತ್ತಿದ್ದರು. ರಜೆಯಲ್ಲಿ ಒಮ್ಮೆ ನಾನೂ ಜೊತೆಗೆ ಹೋದೆ. ಅಂಗಡಿಯವರಿಗೆ ಅವರ ಮುಖ ಎಷ್ಟು ಪರಿಚಯವಾಗಿತ್ತೆಂದರೆ, ಕಂಡ ಕೂಡಲೇ ಸ್ಟೂಲು ಎಳೆದು ಹಾಕಿದರು.

ಒಂದು ಮೀಟರಿನ ಎರಡು ಕಡ್ಡಿಗಳನ್ನು ಕಂಡೆನ್ಸರಿನ ಕಾಲುಗಳಿಗೆ ಒತ್ತಿ ಹಿಡಿದು ಚಿಕ್ಕಪ್ಪ ತಲೆಯಾಡಿಸಿದರು. "ಅಂಕಿ ನಿಲ್ತಾ ಇಲ್ಲ. ಇದಕ್ಕೆ ಸ್ಥಿರಬುದ್ಧಿ ಇಲ್ಲ."

ಅಂಗಡಿಯವರು ತಾವೇ ಹಿಡಿದು ತೋರಿಸಿದರು. ಅಂಕಿ ಕಲ್ಲಿನಂತೆ ನಿಂತಿತು. "ನೋಡಿ ಸಾರ್, ನಿಂತಿದೆಯಲ್ಲ."

"ನಿಮ್ಮ ಅಂಗಡೀಲಿ ನಿಲ್ಲುತ್ತೆ. ನಮ್ಮನೇಗೆ ಬಂದ್ರೆ ನಿಲ್ಲಲ್ಲ" ಎಂದು ಚಿಕ್ಕಪ್ಪ ಎದ್ದರು. ಸೊಸೆಯ ಬಗ್ಗೆ ಇಂಥ ಮಾತು ಕೇಳಿದ್ದೆ, ಮೀಟರಿನ ಬಗ್ಗೆ ಅದೇ ಮೊದಲು.

"ಏಳನ್ನೂ ಹೊಸದು ಹಾಕಿಬಿಡಿ ಚಿಕ್ಕಪ್ಪ, ಅಳೆಯೋ ತಾಪತ್ರಯನೇ ಇರಲ್ಲ" ಎಂದೆ.

"ಒಂದು ಕೆಟ್ಟಿದೆ ಅಂತ ಆರು ಒಳ್ಳೇದನ್ನ ಎಸೀತಾರೇನಮ್ಮಾ? ಹಳೇದು ಅನ್ನೋದು ತಪ್ಪಾ?" ಎಂದರು. ದನಿ ಸ್ವಲ್ಪ ಗಟ್ಟಿಯಾಗಿಯೇ ಇತ್ತು.

ನನಗೆ ಸಿಟ್ಟು ಬೇಗ ಬರುತ್ತದೆ, ಮುಚ್ಚಿಡುವುದೇನು. ಅವರ ಹುಟ್ಟುಹಬ್ಬಕ್ಕೆ ನಾನೇ ಆನ್‌ಲೈನಿನಲ್ಲಿ ಚಿಮುಟದ ಆಕಾರದ, ಎರಡು ತುದಿಯಲ್ಲಿ ಹಿಡಿದರೆ ಅಳೆಯುವ ಮೀಟರು ತರಿಸಿಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ಹುಬ್ಬು ಕೀಳಕ್ಕೆ ಚೆನ್ನಾಗಿದೆ, ನಿಮ್ಮ ಚಿಕ್ಕಮ್ಮಂಗೆ ಕೊಡು" ಎಂದು ಎದ್ದುಹೋದರು. ಎರಡು ತಿಂಗಳು ನಾನು ಆ ಮನೆಗೆ ಹೋಗಲಿಲ್ಲ.

ಮತ್ತೆ ಹೋದಾಗ ಬೆಳಗಿನ ಹೊತ್ತು. ಮನೆ ಬಿಕೋ ಎನ್ನುತ್ತಿತ್ತು. ಮೇಜಿನ ಮೇಲೆ ರೇಡಿಯೊ ಹೊಟ್ಟೆ ಬಿಚ್ಚಿಕೊಂಡೇ ಬಿದ್ದಿತ್ತು. ನರ್ಸಮ್ಮ ಮಿಕ್ಸಿ ತರುವುದನ್ನೂ ನಿಲ್ಲಿಸಿದ್ದರಂತೆ. ತರಕಾರಿಯವನ ತಕ್ಕಡಿಯನ್ನೂ ಬಿಡದೆ ಜಗಳವಾಡುವ ಚಿಕ್ಕಮ್ಮ, ಈ ರೇಡಿಯೊ ವಿಷಯದಲ್ಲಿ ಮಾತ್ರ ಗಂಡನಿಗೆ ಒಂದು ಮಾತೂ ಅಂದಿರಲಿಲ್ಲ. ಅವರ ಪರವಾಗಿ ನಾನೇ ಜಗಳಕ್ಕೆ ನಿಂತೆ. "ಇವತ್ತು ಮೀಟರು ತರದೆ ವಾಪಸ್ ಬರೋದು ಬೇಡ" ಎಂದು ಚಿಕ್ಕಪ್ಪನನ್ನು ಎಬ್ಬಿಸಿಕೊಂಡು ಹೊರಟೆ.

ಅಂಗಡಿಯವರು ಆ ದಿನ ಒಂದು ವಿಚಿತ್ರ ವಸ್ತು ತೆಗೆದರು. ಅದಕ್ಕೆ ಡಬ್ಬಿಯಿಲ್ಲ, ಕಡ್ಡಿಗಳಿಲ್ಲ. ಬರಿಯ ಹಸಿರು ಬೋರ್ಡು, ಸಣ್ಣ ಪರದೆ, ಸಾಲು ತೂತುಗಳ ಒಂದು ಕಟ್ಟೆ, ಪಕ್ಕದಲ್ಲಿ ಪುಟ್ಟ ಲಿವರ್. "ಕಾಲು ತೂತಿಗೆ ಬಿಡಿ, ಲಿವರ್ ಒತ್ತಿ, ಗುಂಡಿ ಅಮುಕಿ. ಆಯ್ತು ಸಾರ್."

"ಕೈ ಬಿಟ್ರೂ ಅಳೆಯುತ್ತಾ?"

"ಕೈ ಬಿಟ್ಟೇ ಅಳೆಯೋದು ಸಾರ್."

"ಇದೇ ಕೊಡಿ" ಎಂದರು ಚಿಕ್ಕಪ್ಪ. ಅಷ್ಟೇ. ಉಪ್ಪಿಟ್ಟಿನ ದಿನ ಇಷ್ಟೂ ಹೊತ್ತು ಹಿಡಿದಿರಲಾರದು.

"ಹದಿನೇಳು ಸುಂದರಿಯರನ್ನ ಬಿಟ್ಟು ಈ ಬರಿಮೈ ಬೋರ್ಡನ್ನ ಒಪ್ಪಿದ್ರಾ!" ಎಂದು ನಗುತ್ತಿದ್ದೆ. ಅವರು ಭರಣಿಯಿಂದ ಒಂದು ಕಂಡೆನ್ಸರ್ ತೆಗೆದು ತೂತಿಗೆ ಇಳಿಸಲು ಹೋದರು. ಕಾಲು ತೂತಿನ ಎಡಕ್ಕೆ ಹೋಯಿತು. ಬಲಕ್ಕೆ ಹೋಯಿತು. ಮೂರನೆಯ ಸಲ ನಾನು ಕಂಡೆನ್ಸರನ್ನು ಬಿಟ್ಟು ಕೈಯನ್ನು ನೋಡಿದೆ. ಅದು ನಡುಗುತ್ತಿತ್ತು. ಚಿಕ್ಕಪ್ಪ ಕೈಯನ್ನು ಜೇಬಿಗೆ ಹಾಕಿಕೊಂಡರು.

ಮೇಜು, ಅರ್ಧ ಲೋಟ, ಸ್ಥಿರಬುದ್ಧಿ ಇಲ್ಲದ ಅಂಕಿ, ಹುಬ್ಬು ಕೀಳುವ ಚಿಮುಟ, ಒಂದೊಂದಕ್ಕೂ ನಕ್ಕಿದ್ದೆ, ಇಲ್ಲವೇ ಸಿಡುಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಮೆಟ್ರೊದಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ, "ನಿಮ್ಮ ಚಿಕ್ಕಮ್ಮಂಗೆ ಹೇಳಬೇಡ. ಹೆದರ್ಕೋತಾಳೆ" ಎಂದರು. ಹೂಂ ಎಂದೆ.

ಮನೆಯಲ್ಲಿ ಬೋರ್ಡನ್ನು ಮೇಜಿನ ಮೇಲಿಟ್ಟಿದ್ದೇ ತಡ, ಚಿಕ್ಕಮ್ಮ ಒಳಗಿಂದ ಸ್ಟೂಲು ತಂದು ಗಂಡನ ಪಕ್ಕದಲ್ಲಿ ಹಾಕಿಕೊಂಡು ಕುಳಿತರು. ಭರಣಿಯಿಂದ ಒಂದೊಂದೇ ತೆಗೆದು ಕಾಲುಗಳನ್ನು ತೂತಿಗೆ ಇಳಿಸಿದರು. "ಅಂಕಿ ಓದ್ರಿ" ಎಂದರು. ಚಿಕ್ಕಪ್ಪ ಅವರ ಮುಖ ನೋಡಿದರು.

"ಯಾವಾಗಿಂದ ಗೊತ್ತು ನಿಂಗೆ?"

"ನೀವು ಮೇಜಿಗೆ ರಸಮಟ್ಟ ಇಟ್ಟ ದಿನದಿಂದ. ಮೇಜು ಸರಿಯಾಗೇ ಇತ್ತಲ್ಲ. ಲೋಟಕ್ಕೆ ಅರ್ಧ ಕಾಫಿ ಬಗ್ಗಿಸ್ತಾ ಇದ್ದಿದ್ದು ಯಾರು ಅಂದ್ಕೊಂಡ್ರಿ?" ಚಿಕ್ಕಮ್ಮ ಇನ್ನೊಂದನ್ನು ಇಳಿಸಿದರು. "ನೀವಾಗೇ ಹೇಳ್ತೀರ ಅಂತ ಕಾದೆ. ಸೋಮವಾರ ಡಾಕ್ಟ್ರ ಹತ್ರ ಹೋಗೋಣ. ಹದಿನೇಳು ಡಾಕ್ಟ್ರನ್ನ ನೋಡ್ತೀನಿ ಅನ್ನಬೇಡಿ."

ಐದನೆಯದು ಒಣಗಿತ್ತು. ಅದರ ಜಾಗಕ್ಕೆ ಡ್ರಾಯರಿನಲ್ಲಿದ್ದ ಹೊಸದು ಬಂತು. ಇನ್ನು ಏಳಕ್ಕೂ ಬೆಸುಗೆ ಹಾಕಬೇಕು. ಚಿಕ್ಕಪ್ಪ ಬೆಸುಗೆಯ ಕಾದ ಕಡ್ಡಿ ಎತ್ತಿಕೊಂಡರು. ಅದರ ತುದಿ ಗಾಳಿಯಲ್ಲಿ ಅಲ್ಲಾಡಿತು. ಚಿಕ್ಕಮ್ಮ ಎರಡೂ ಕೈಗಳಿಂದ ಅವರ ಮಣಿಕಟ್ಟನ್ನು ಹಿಡಿದರು. ಕಡ್ಡಿ ನಿಂತಿತು. ಸೀಸ ಕರಗಿ, ಹೊಳೆದು, ಕೂತಿತು.

"ಆಯ್ತಾ? ಕೈ ಬಿಡ್ಲಾ?" ಎಂದು ಚಿಕ್ಕಮ್ಮ ಕೇಳಿದರು.

"ಬಿಡಬೇಡ. ಇನ್ನೂ ಆರಿಲ್ಲ" ಎಂದರು ಚಿಕ್ಕಪ್ಪ.

ನಾನು ಬಾಗಿಲ ಬಳಿ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಹತ್ತಾಯಿತು, ಇಪ್ಪತ್ತಾಯಿತು. ಇಬ್ಬರೂ ಅಲ್ಲಾಡಲಿಲ್ಲ. ನಾನು ಎಣಿಸುವುದನ್ನು ಬಿಟ್ಟು, ಮೂರು ಲೋಟ ಕಾಫಿ ಮಾಡಲು ಒಳಗೆ ಹೋದೆ. ಮೂರಕ್ಕೂ ಅರ್ಧರ್ಧವೇ ಬಗ್ಗಿಸಿದೆ.