ಭಾವನ ಹತ್ತು ನಿಮಿಷ

ನಮ್ಮ ಭಾವನಿಂದ ಪುಕ್ಕಟೆ ರಿಪೇರಿ ಮಾಡಿಸಿಕೊಂಡರೆ ಖರ್ಚೆಷ್ಟು ಗೊತ್ತೇ? ಮೆಲ್ಬರ್ನ್‌ನಿಂದ ಸಿಡ್ನಿಗೆ ವಿಮಾನದ ಟಿಕೆಟ್, ಎರಡು ಹೊತ್ತು ಮೀನು ಸಾರು, ಮೇಲೆ ಒಂದಿಡೀ ದಿನದ ಉಪದೇಶ! ಇಲ್ಲಿಯ ಟೆಕ್ನಿಷಿಯನ್ ಸೋಮವಾರಕ್ಕೆ ಮೊದಲು ಬರಲಾರೆ ಎಂದದ್ದರಿಂದ ಎಲ್ಲವನ್ನೂ ತೆತ್ತೆ.

ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ನನ್ನದೊಂದು ದೋಸೆಹಿಟ್ಟಿನ ಫ್ಯಾಕ್ಟರಿ. ಗ್ರೈಂಡರಿನ ಮೋಟಾರನ್ನು ಓಡಿಸುವ ‘ಡ್ರೈವ್’ ಎಂಬ ಡಬ್ಬ ಗುರುವಾರ ಬೆಳಗ್ಗೆ ನಿಂತಿತು. ಮರುದಿನ ಬೆಳಗ್ಗೆ ಹೊಸ ಸೂಪರ್‌ಮಾರ್ಕೆಟ್ಟಿಗೆ ಮೊದಲ ಲೋಡ್. ತಪ್ಪಿದರೆ, ಆರು ತಿಂಗಳು ಅಲೆದು ಕುದುರಿಸಿದ ಆರ್ಡರ್ ಹೋದಂತೆ. ನಾನೇನು ಮಾಡಿದೆ? ರಿಸೆಟ್ ಒತ್ತಿದೆ. ಟ್ರಿಪ್ ಆಗಿ ತಾನೇ ಆರಿತು. ಮತ್ತೆ ಒತ್ತಿದೆ. ಏಳನೆಯ ಸಲಕ್ಕೆ ಒಳಗಿನಿಂದ ‘ಢಬ್’!

ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ಅಕ್ಕ-ಭಾವನ ಮನೆ. ಭಾವ ಮೂವತ್ತು ವರ್ಷದಿಂದ ಡ್ರೈವ್‌ಗಳ ವೈದ್ಯ. ಫೋನ್ ಮಾಡಿದೆ.

“ರಿಸೆಟ್ ಎಷ್ಟು ಸಲ ಒತ್ತಿದೆ?”

“ಎರಡು ಸಲ, ಭಾವ.”

“ಸುಳ್ಳು ಹೇಳ್ಬೇಡ ಮಾರಾಯ. ಎರಡಕ್ಕೆಲ್ಲ ಅದು ಢಬ್ ಅನ್ನುದಿಲ್ಲ.”

ಮಧ್ಯಾಹ್ನ ಬಂದಿಳಿದರು, ಹಳೆಯ ಡ್ರೈವೊಂದನ್ನು ಲುಂಗಿಯಲ್ಲಿ ಸುತ್ತಿಕೊಂಡು! ಇದೇನೆಂದು ಕೇಳಿದ ಏರ್‌ಪೋರ್ಟ್ ಸೆಕ್ಯುರಿಟಿಯವನಿಗೆ ಪೂರ್ತಿ ಪಾಠ ಮಾಡಿದ್ದರಂತೆ. ಪಾಪ, ಕೊನೆಗೆ ಅವನೇ ಕೈಮುಗಿದು ಕಳಿಸಿರಬೇಕು.

ಬಂದವರೇ ಡಬ್ಬವನ್ನು ಮೂಸಿ, “ಒಳಗೇ ಸುಟ್ಟಿದೆ” ಎಂದರು. ಮೇನ್ ಸ್ವಿಚ್ ಆರಿಸಿ, ಅದಕ್ಕೆ ಬೀಗ ಹಾಕಿ, ಕುರ್ಚಿ ಎಳೆದು ಕೂತೇಬಿಟ್ಟರು! “ಇನ್ನು ಹತ್ತು ನಿಮಿಷ. ಸ್ವಿಚ್ ಆರಿಸಿದ್ರೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರ್ತದೆ.”

“ಅಕ್ಕಿ ನೆನೆದು ಹುಳಿ ಬರ್ತಾ ಉಂಟು ಭಾವ! ಐದೇ ನಿಮಿಷ ಕಾದ್ರೆ ಸಾಲ್ದಾ?”

“ಚೌಕಾಶಿ ಮಾಡ್ಲಿಕ್ಕೆ ಇದೆಂತ ತರಕಾರಿ ಮಾರ್ಕೆಟ್ಟಾ?”

ಅವರು ಚಹಾ ತರಲು ಎದ್ದದ್ದೇ ತಡ, ನಾನು ಮುಚ್ಚಳ ಬಿಚ್ಚಿ ಕೈಹಾಕಲು ಹೋದೆ. ಭಾವ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಮಣಿಕಟ್ಟು ಹಿಡಿದೆಳೆದು ಮೀಟರ್ ಇಟ್ಟು ತೋರಿಸಿದರು. ಇನ್ನೂ ಮುನ್ನೂರು ವೋಲ್ಟ್! ಬೈಗುಳಕ್ಕೆ ಕಾದೆ. ಬರಲಿಲ್ಲ. ಹಿಡಿದ ಮಣಿಕಟ್ಟನ್ನು ಬಿಡಲೂ ಇಲ್ಲ.

“ಆರ್ಡರ್ ಹೋದ್ರೆ ಇನ್ನೊಂದು ಸಿಕ್ತದೆ. ನಿನ್ನ ಅಕ್ಕನಿಗೆ ಇರುದು ನೀನೊಬ್ಬ ತಮ್ಮ. ಮನೆಗೆ ಹೋಗಿ ನಾನು ಎಂತ ಹೇಳ್ಲಿ?”

ಇಬ್ಬರೂ ಕಾದೆವು. ಮೀಟರ್ ಸೊನ್ನೆಗಿಳಿದ ಮೇಲೆ, ಮೋಟಾರಿಗೆ ಕರೆಂಟ್ ಹೋಗುವ ಮೂರು ದಾರಿಗಳಲ್ಲಿ ಒಂದು ಒಳಗೇ ಶಾರ್ಟ್ ಆಗಿದ್ದು ಸಿಕ್ಕಿತು. ತಂದ ಡ್ರೈವ್ ಕೂರಿಸಿದರು; ಗ್ರೈಂಡರ್ ತಿರುಗಿತು. ಅಷ್ಟು ಸದ್ದಿನ ನಡುವೆಯೂ ಭಾವ ಕೂತಲ್ಲೇ ನಿದ್ದೆಹೋದರು. ಮರುದಿನ ಬೆಳಗ್ಗೆ ಲೋಡ್ ಹೊತ್ತಿಗೆ ಸರಿಯಾಗಿ ಹೊರಟಿತು.

ಆದ್ದರಿಂದ ಓದುಗರೇ, ತೆತ್ತು ಕಲಿತವನ ಮಾತು ಕೇಳಿ: ಟ್ರಿಪ್ ಆದದ್ದು ಯಾಕೆಂದು ತಿಳಿಯದೆ ರಿಸೆಟ್ ಒತ್ತಬೇಡಿ. ಮುಚ್ಚಳ ಬಿಚ್ಚುವುದು ಬಲ್ಲವರ ಕೆಲಸ. ಅವರು ಕಾಯಬೇಕು ಅಂದರೆ ಕಾಯಿರಿ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು.